‘ಎಲ್ಲಿಗೆ ಬಂತು?’ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಮೂವತ್ತೈದು ವರ್ಷ ಫ್ಯಾಕ್ಟರೀಲಿ ಕೆಲಸ ಮಾಡಿದ್ರು. ಅಷ್ಟೂ ವರ್ಷದಲ್ಲಿ ಒಂದೇ ಒಂದು ಮೊಳೆ ಕೂಡ ಮಾಡಿಲ್ಲ! ನಂಬಿಕೆ ಇಲ್ಲ ಅಂದ್ರೆ ಅವರನ್ನೇ ಕೇಳಿ, ಎದೆ ಉಬ್ಬಿಸ್ಕೊಂಡು ಒಪ್ಕೋತಾರೆ. ಲೇತ್ ಮುಟ್ಟಿಲ್ಲ, ಸ್ಪ್ಯಾನರ್ ಹಿಡಿದಿಲ್ಲ, ಪ್ಯಾಂಟಿಗೆ ಎಣ್ಣೆ ಅಂಟಿದ್ರೆ ಅದು ಕ್ಯಾಂಟೀನ್ ಬೋಂಡದ್ದು. ಹಾಗಾದ್ರೆ ಅವರಿಗೆ ಸಂಬಳ ಯಾತಕ್ಕೆ ಕೊಡ್ತಿದ್ರು? ಒಂದು ಪ್ರಶ್ನೆ ಕೇಳೋದಕ್ಕೆ!

"ಎಲ್ಲಿಗೆ ಬಂತು?"

ತಮಾಷೆ ಅಲ್ಲ ಕಣ್ರೀ, ಅದು ನಿಜವಾದ ಹುದ್ದೆ. ಪ್ರೋಗ್ರೆಸ್ ಚೇಸರ್ ಅಂತ. ಒಂದು ಪಾರ್ಟು ಎರಕ ಹೊಯ್ಯೋ ಕಡೆಯಿಂದ ಲೇತಿಗೆ ಬಂತಾ, ಲೇತಿಂದ ಡ್ರಿಲ್ಲಿಗೆ ಬಂತಾ, ಇಲ್ಲಾ ಯಾವುದಾದ್ರೂ ಬೆಂಚಿನ ಕೆಳಗೆ ಮಲಗಿಬಿಟ್ಟಿದೆಯಾ ಅಂತ ಹುಡುಕ್ಕೊಂಡು ಹೋಗಿ ಕೇಳೋದು. ಕಂಕುಳಲ್ಲಿ ಒಂದು ರೈಟಿಂಗ್ ಪ್ಯಾಡು, ಕಿವಿ ಮೇಲೆ ಪೆನ್ಸಿಲ್ಲು. ಇಡೀ ಫ್ಯಾಕ್ಟರಿ ಅವರಿಗೆ ಕೊಡ್ತಿದ್ದ ಉತ್ತರಾನೂ ಒಂದೇ: "ಬರ್ತಾ ಇದೆ ಸಾರ್." ಈ ಉತ್ತರ ಕೇಳಿದ್ರೆ ದೊಡ್ಡಪ್ಪನ ಮೂಗಿನ ತುದಿ ಕೆಂಪಾಗ್ತಿತ್ತು. "ಬರ್ತಾ ಇದೆ ಅನ್ನೋದು ಉತ್ತರ ಅಲ್ಲ! ಎಲ್ಲಿದೆ, ಯಾಕೆ ನಿಂತಿದೆ, ಯಾವಾಗ ಹೊರಡುತ್ತೆ, ಅದು ಉತ್ತರ!"

ಸರಿ, ಫ್ಯಾಕ್ಟರೀಲಿ ಕೇಳಿದ್ರೆ ಕೇಳ್ಲಿ. ಮನೇಲೂ ಬಿಡಬೇಕಲ್ಲ? ಬೆಳಿಗ್ಗೆ ಏಳಕ್ಕೆ ಅಡುಗೆಮನೆ ಬಾಗಿಲಲ್ಲಿ ಪ್ಯಾಡ್ ಸಮೇತ ಹಾಜರ್. "ಇಡ್ಲಿ ಎಲ್ಲಿಗೆ ಬಂತು?" ದೊಡ್ಡಮ್ಮ ಹೇಳೋರು, "ಈಗಷ್ಟೇ ಹಿಟ್ಟು ಉಬ್ಬಿದೆ, ನಿಮ್ಮ ಧ್ವನಿ ಕೇಳಿ ಇಳಿದುಹೋಗುತ್ತೆ. ಆ ಕಡೆ ಹೋಗಿ!" ಒಂದು ಮದುವೇಲಿ ಮಂಟಪಕ್ಕೇ ಹತ್ತಿ ಪುರೋಹಿತರನ್ನ ಕೇಳಿದ್ರು, "ಸ್ವಾಮಿ, ಎಲ್ಲಿಗೆ ಬಂತು?" ಪುರೋಹಿತರು ಪಾಪ ಗಾಬರಿಯಾಗಿ ಎರಡು ಮಂತ್ರ ಹಾರಿಸಿಬಿಟ್ರು ಅಂತ ನಮ್ಮ ಮನೆತನದಲ್ಲಿ ಇವತ್ತಿಗೂ ಗುಮಾನಿ ಇದೆ. ಆ ಗಂಡ ಹೆಂಡ್ತಿ ಜಗಳ ಆಡಿದಾಗೆಲ್ಲ ಎಲ್ರೂ ದೊಡ್ಡಪ್ಪನ ಕಡೆ ನೋಡ್ತಾರೆ!

ಅವರು ರಿಟೈರ್ ಆಗೋ ಹೊತ್ತಿಗೆ ಫ್ಯಾಕ್ಟರೀಲಿ ಕಾರ್ಡ್ ಉಜ್ಜೋ ಮಿಷನ್ ಬಂತು. ಅದಕ್ಕೆ ಮುಂಚೆ ಹಿತ್ತಾಳೆ ಟೋಕನ್ ಇರ್ತಿತ್ತಂತೆ, ಕಾಲಾಣೆ ಅಗಲದ್ದು, ಮೇಲೆ ನಂಬರ್ ಕೆತ್ತಿರೋದು. ಒಳಗೆ ಬಂದೋರು ಗೇಟಲ್ಲಿರೋ ತಮ್ಮ ಟೋಕನ್ ತಗೊಂಡು ತಾವು ಕೆಲಸ ಮಾಡೋ ವಿಭಾಗದ ಬೋರ್ಡಿಗೆ ನೇತು ಹಾಕಬೇಕು. ಮೊಳೆ ಖಾಲಿ ಇದ್ರೆ ಆಸಾಮಿ ಬಂದಿಲ್ಲ ಅಂತ. ಆ ಟೋಕನ್‌ಗಳು ಗುಜರಿಗೆ ಹೋಗ್ತಿದ್ವು. ಎಲ್ರೂ ರಿಟೈರ್‌ಮೆಂಟಿಗೆ ಗೋಡೆ ಗಡಿಯಾರ ತಂದ್ರೆ, ನಮ್ಮ ದೊಡ್ಡಪ್ಪ ಗೇಟ್ ಪಾಸ್ ಮಾಡಿಸ್ಕೊಂಡು ಒಂದು ಚೀಲ ಹಳೇ ಟೋಕನ್ ತಂದ್ರು. ದೊಡ್ಡಮ್ಮ ಕೇಳಿದ್ರು, "ಇದನ್ನ ಏನ್ ಮಾಡ್ತೀರಿ, ಸಾರಿಗೆ ಹಾಕ್ಲಾ?"

ಈಗ ನನ್ನ ಕಥೆಗೆ ಬರ್ತೀನಿ. ನಾನಾಗ ಪೀಣ್ಯದ ಹತ್ರ ಡಿಪ್ಲೊಮಾ ಮೆಕ್ಯಾನಿಕಲ್ ಓದ್ತಿದ್ದೆ, ದೊಡ್ಡಪ್ಪನ ಮನೇಲಿದ್ಕೊಂಡು. ಮೇನ್ ರೋಡಲ್ಲಿ ಮೆಟ್ರೋ ಕಂಬಗಳು ಆಗಷ್ಟೇ ಏಳ್ತಿದ್ವು. ನಮ್ಮ ಮೇಡಂ ಒಂದಿನ ಕ್ಲಾಸಲ್ಲಿ, "ಮೂರು ಮೂರು ಜನ ಟೀಮ್ ಮಾಡ್ಕೊಳ್ಳಿ. ಒಂದು ಸೇವಾ ಪ್ರಾಜೆಕ್ಟ್ ಮಾಡಿ. ಪ್ಲಾನ್ ನೀವೇ, ಕೆಲಸ ನೀವೇ. ಲೀಡರ್‌ಶಿಪ್ ಪುಸ್ತಕದಿಂದ ಬರಲ್ಲ" ಅಂದ್ರು. ನಾನು ಆಗಲೇ ಸೈಬರ್ ಸೆಂಟರಲ್ಲಿ ಕೂತು ಲೀಡರ್‌ಶಿಪ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಮುಗಿಸಿದ್ದೆ! ನನಗೆ ಗೊತ್ತಿಲ್ಲದ ಸೂತ್ರ ಇರ್ಲಿಲ್ಲ. ಗೊತ್ತಿಲ್ಲದೇ ಇದ್ದಿದ್ದು ಲೀಡರ್‌ಶಿಪ್ ಒಂದೇ.

ಟೀಮಲ್ಲಿ ನಾನು, ನನ್ನ ಕ್ಲಾಸಿನ ಮಂಜ, ಮತ್ತೆ ಶಬಾನಾ. ಮೊದಲ ಮೀಟಿಂಗಲ್ಲಿ ಲೀಡರ್ ಆಯ್ಕೆಗೆ ಚೀಟಿ ಹಾಕಿದ್ವಿ. ಮೂರು ಜನ, ಮೂರು ವೋಟು, ಮೂವರಿಗೂ ಒಂದೊಂದು ಬಿತ್ತು! ಆಮೇಲೆ ಲಾಟರಿ ಎತ್ತಿ ನಾನು ಲೀಡರ್ ಆದೆ. ಮೂರು ವಾರ ಭಯಂಕರ ಕೆಲಸ ಮಾಡಿದ್ವಿ. ಟೀಮಿಗೆ ಹೆಸರಿಟ್ವಿ. ಟೀ ಶರ್ಟ್ ನೀಲೀನೋ ಕೇಸರೀನೋ ಅಂತ ಎರಡು ದಿನ ಮಾತು ಬಿಟ್ವಿ. ನಾನು ಕಂಪ್ಯೂಟರಲ್ಲಿ ಬಣ್ಣ ಬಣ್ಣದ ಚಾರ್ಟ್ ಮಾಡಿ ದೊಡ್ಡಪ್ಪನ ಮುಂದೆ ಹಿಡಿದೆ.

"ನಮ್ಮಲ್ಲೂ ಇತ್ತು ಇಂಥದ್ದು, ಗೋಡೆ ತುಂಬ" ಅಂದ್ರು. "ಅದರ ಹಿಂದೆ ಒಂದು ಹಲ್ಲಿ ಇತ್ತು. ಹಲ್ಲಿ ಟೈಮಿಗೆ ಸರಿಯಾಗಿ ಬರ್ತಿತ್ತು, ಮಾಲು ಬರ್ತಿರ್ಲಿಲ್ಲ. ಅದಿರ್ಲಿ ಪುಟ್ಟಿ, ಕೆಲಸ ಎಲ್ಲಿಗೆ ಬಂತು?"

"ಲೋಗೋ ಆಗಿದೆ ದೊಡ್ಡಪ್ಪ."

"ಸೇವೆ?"

"ಬರ್ತಾ ಇದೆ..."

ಮೂಗಿನ ತುದಿ ಕೆಂಪಾಯ್ತು!

ಕೆಲಸ ಹುಡುಕಿದ್ದು ನಾನಲ್ಲ, ಶಬಾನಾ. ನಮ್ಮ ಮನೆ ಹಿಂದಿನ ಖಾಲಿ ಜಾಗದಲ್ಲಿ ತಗಡಿನ ಶೆಡ್‌ಗಳಿದ್ವು. ಯಾದಗಿರಿ ಕಡೆಯಿಂದ ಬಂದು ಪಕ್ಕದ ದೊಡ್ಡ ಬಿಲ್ಡಿಂಗ್ ಕಟ್ತಿದ್ದೋರು ಅಲ್ಲಿದ್ರು. ಮಕ್ಕಳು ಓದೋ ಸರ್ಕಾರಿ ಶಾಲೆ ಮೇನ್ ರೋಡಿನ ಆ ಕಡೆ. ಕಂಬದ ಕೆಲಸ ಶುರುವಾದ ಮೇಲೆ ರಸ್ತೆ ಮಧ್ಯ ಪೂರ್ತಿ ತಗಡು ನಿಲ್ಸಿ, ದಾಟಕ್ಕೆ ಒಂದೇ ಒಂದು ಸಂದು ಬಿಟ್ಟಿದ್ರು. ಎರಡೂ ಕಡೆ ಲಾರಿ, ಟೆಂಪೋ, ಫ್ಯಾಕ್ಟರಿ ಬಸ್ಸು. ಅಪ್ಪ ಅಮ್ಮ ಎಂಟಕ್ಕೇ ಕೆಲಸಕ್ಕೆ ಹತ್ತಿರ್ತಾರೆ, ದಾಟಿಸೋರು ಯಾರು? ಒಬ್ಬೊಬ್ರೇ ಶಾಲೆ ಬಿಡ್ತಾ ಬಂದ್ರು. ಅದರಲ್ಲಿ ರೇಣುಕಾ ಅಂತ ನಾಲ್ಕನೇ ಕ್ಲಾಸಿನ ಹುಡುಗಿ. ತಮ್ಮನ್ನ ಕಂಕುಳಲ್ಲಿ ಎತ್ಕೊಂಡು ಶೆಡ್ ಬಾಗಿಲಲ್ಲಿ ನಿಂತು ಹೇಳಿದ್ಲು, "ಅಕ್ಕಾ, ನಂಗ ಸಾಲಿಗಿ ಹೋಗಾಕ ಬೇಕ್ರೀ. ರೋಡ ಬಿಡವಲ್ದು."

ಅವಳಪ್ಪ ಹಣಮಂತಣ್ಣ ಕಬ್ಬಿಣದ ಸರಳು ಕಟ್ಟೋ ಕೆಲಸದೋನು. ಮಾತು ಕಮ್ಮಿ. ನಾವು ಮೂರು ಜನ ದಿನಾ ಎರಡು ಹೊತ್ತು ದಾಟಿಸ್ತೀವಿ ಅಂದಾಗ ಹೇಳಿದ, "ಕಳಸ್ತೀನ್ರಿ. ಆದ್ರ ಒಂದಿನ ಹೆಚ್ಚು ಕಮ್ಮಿ ಆತಂದ್ರ, ಮುಗೀತು. ಸಣ್ಣದನ್ನ ನೋಡ್ಕೊಂತ ಮನ್ಯಾಗ ಇರ್ತಾಳ."

ಹದಿನಾಲ್ಕು ಮಕ್ಕಳು. ಉದ್ದದ ಹಗ್ಗ ತಂದ್ವಿ. ಮಂಜ ಕೆಂಪು ಬಾವುಟ ಹಿಡಿದು ಗಾಡಿ ನಿಲ್ಸೋದು, ಶಬಾನಾ ಹಗ್ಗದ ಪಕ್ಕ, ನಾನು ಕೊನೇಲಿ. ಈ ಕೊನೆ ಅನ್ನೋದು ದೊಡ್ಡಪ್ಪನ ಕಿತಾಪತಿ! "ಲೀಡರ್ ಬಾಲದಲ್ಲಿ ಇರಬೇಕು. ಮುಂದಿದ್ರೆ ಹಿಂದೆ ನಿಂತಿದ್ದು ಕಾಣಲ್ಲ" ಅಂದ್ರು. ನಾನು ಓದಿದ ಯಾವ ಸೂತ್ರದಲ್ಲೂ ಹೀಗಿರ್ಲಿಲ್ಲ. ಸಿಳ್ಳೆ ಬೇರೆ ಕೊಂಡುಬಿಟ್ಟಿದ್ದೆ!

ಆ ಹಿತ್ತಾಳೆ ಟೋಕನ್ ಚೀಲ ಆಗ ಹೊರಗೆ ಬಂತು. ಈ ಕಡೆ ಟೀ ಅಂಗಡಿ ಗೋಡೆಗೊಂದು ಬೋರ್ಡು, ಆ ಕಡೆ ಹೆಡ್ ಮಾಸ್ತರನ್ನ ಕೇಳಿ ಶಾಲೆ ಗೇಟಿನ ಒಳಗೊಂದು ಬೋರ್ಡು. ಮಗು ಇಲ್ಲಿಂದ ತನ್ನ ಟೋಕನ್ ತಗೊಂಡು ದಾಟಿ ಅಲ್ಲಿ ನೇತು ಹಾಕಬೇಕು, ಸಂಜೆ ಅಲ್ಲಿಂದ ಇಲ್ಲಿಗೆ. ಮೊಳೆ ತುಂಬಿದ್ರೆ ಎಲ್ರೂ ಬಂದ್ರು ಅಂತ ಲೆಕ್ಕ. ಮಕ್ಕಳಿಗೆ ಅದೆಂಥ ಖುಷಿ ಅಂತೀರಾ! ಹೆಸರು ಹಿಡಿದು ಕರೆಯೋದೇ ಬಿಟ್ರು. "ಏ ಇಪ್ಪತ್ಮೂರು ಹದಿನೇಳು, ಬಾರ ಲಗೂನ!" ಇಪ್ಪತ್ಮೂರು ಹದಿನೇಳು ಅಂದ್ರೆ ರೇಣುಕಾ. ಅವಳು ಟೋಕನ್ನನ್ನ ದಿನಾ ಲಂಗಕ್ಕೆ ಉಜ್ಜಿ ಉಜ್ಜಿ ಚಿನ್ನದ ಥರ ಮಾಡಿಟ್ಟಿದ್ಲು.

ದೊಡ್ಡಪ್ಪ ಮಾತ್ರ ಒಂದು ಕಡ್ಡಿ ಎತ್ತಿಡ್ಲಿಲ್ಲ. ಟೀ ಅಂಗಡಿ ಮುಂದೆ ಪ್ಲಾಸ್ಟಿಕ್ ಸ್ಟೂಲ್ ಹಾಕ್ಕೊಂಡು ಪ್ಯಾಡ್ ಸಮೇತ ಕೂತುಬಿಡೋರು. ಪ್ರತಿ ಮಗೂಗೂ, "ಎಲ್ಲಿಗೆ ಬಂತು ಮಗ್ಗಿ? ಎಲ್ಲಿಗೆ ಬಂತು ಹೋಮ್‌ವರ್ಕು?" ಮಕ್ಕಳು ಒಂದೇ ವಾರಕ್ಕೆ ಅದನ್ನ ತಮ್ಮ ಕಡೆ ಭಾಷೆಗೆ ತಿರುಗಿಸ್ಕೊಂಡು ಒಬ್ರಿಗೊಬ್ರು "ಎಲ್ಲಿಗಿ ಬಂತ್ರೀ? ಎಲ್ಲಿಗಿ ಬಂತ್ರೀ?" ಅಂತ ಕಿರುಚ್ಕೊಂಡು ಓಡಾಡ್ತಿದ್ವು. ಯಾವನಾದ್ರೂ "ಬರ್ತಾ ಐತಿ" ಅಂದ್ರೆ ಹದಿಮೂರು ಬಾಯಿ ಒಟ್ಟಿಗೆ, "ಅದು ಉತ್ತರ ಅಲ್ಲಾ!"

ಮಂಜನಿಗೆ ಸಿಟ್ಟು. "ಮಗಾ, ಬಿಸಿಲಲ್ಲಿ ನಿಂತು ಬಾವುಟ ಬೀಸಿ ಬೀಸಿ ನನ್ನ ಭುಜ ಬಿದ್ದೋಗಿದೆ. ನಿಮ್ಮ ದೊಡ್ಡಪ್ಪಂಗೆ ಒಂದಿನ ಹಗ್ಗ ಹಿಡ್ಕೊಳಕ್ಕೆ ಹೇಳು."

ಹೇಳಿದೆ. ದೊಡ್ಡಪ್ಪ ಪೆನ್ಸಿಲ್ ಕಿವಿಯಿಂದ ತೆಗೆದು, ಮತ್ತೆ ಕಿವಿಗೇ ಸಿಗಿಸ್ಕೊಂಡು, "ನಾನು ಚೇಸರ್. ಮಾಲು ಮುಟ್ಟೋದು ಯೂನಿಯನ್ ಪ್ರಕಾರ ತಪ್ಪು" ಅಂದ್ರು. ರಿಟೈರ್ ಆಗಿ ನಾಲ್ಕು ವರ್ಷ ಆಗಿತ್ತು ಗುರು!

ಐದನೇ ವಾರ ಮೇಡಂ ಕ್ಯಾಮೆರಾ ಹಿಡ್ಕೊಂಡು ಬಂದ್ರು. ಆ ಕಡೆ ಶಾಲೆ ಗೇಟಲ್ಲಿ ನಿಂತ್ಕೊಂಡ್ರು, ನಾವು ದಾಟಿ ಬರೋ ಫೋಟೋ ತೆಗೆಯಕ್ಕೆ. ಈಗ ನೀವೇ ಹೇಳಿ, ರಿಪೋರ್ಟಿನ ಮೊದಲ ಪುಟದಲ್ಲಿ ಲೀಡರ್ ಬಾಲದಲ್ಲಿ ಕಂಡ್ರೆ ಚೆನ್ನಾಗಿರುತ್ತಾ? ನಾನು ಸಿಳ್ಳೆ ಬಾಯಿಗಿಟ್ಟು ಮುಂದಕ್ಕೆ ಬಂದೆ. ಹಿಂದಕ್ಕೆ ತಿರುಗಿ, "ಇವತ್ತೊಂದಿನ ಹಿಂದೆ ನೋಡ್ಕೊಳ್ರೋ" ಅಂದೆ. ಯಾರಿಗೆ ಅಂದೆ? ಅದೇ ನೋಡಿ! ಮಂಜ ಅದು ಶಬಾನಾಗೆ ಅಂದ್ಕೊಂಡ. ಶಬಾನಾ ಅದು ಮಂಜನಿಗೆ ಅಂದ್ಕೊಂಡ್ಲು.

ದಾಟಿದ್ವಿ. ಫೋಟೋ ಬಿತ್ತು, ನಾನು ನಕ್ಕಿದ್ದೂ ಬಿತ್ತು. ಮಕ್ಕಳು ಟೋಕನ್ ಹಾಕಿದ್ರು. ಬೋರ್ಡ್ ನೋಡಿದೆ. ಹದಿಮೂರು.

ಖಾಲಿ ಮೊಳೆ ಇಪ್ಪತ್ಮೂರು ಹದಿನೇಳರದ್ದು.

ಏನಾಗಿತ್ತು ಅಂದ್ರೆ, ನಡು ರಸ್ತೆಯ ಆ ಸಂದಿನಲ್ಲಿ ಒಂದನೇ ಕ್ಲಾಸಿನ ಬಸ್ಯಾನ ಚಪ್ಪಲಿ ತಗಡಿನ ಕೆಳಗೆ ಸಿಕ್ಕಾಕೊಂಡಿದೆ. ಅವನು ಅಳ್ತಿದ್ದಾನೆ. ರೇಣುಕಾ ಅವನನ್ನ ಹಗ್ಗಕ್ಕೆ ಸೇರ್ಸಿ ಮುಂದೆ ಕಳ್ಸಿ, ತಾನು ಬಗ್ಗಿ ಚಪ್ಪಲಿ ಎಳೆದಿದ್ದಾಳೆ. ಎದ್ದು ನೋಡಿದ್ರೆ ಹಗ್ಗ ಆ ಕಡೆ ಹೋಗಿದೆ, ಬಾವುಟ ಇಳಿದಿದೆ, ಎರಡೂ ಕಡೆ ಲಾರಿಗಳು. ಹುಡುಗಿ ಚಪ್ಪಲಿ ಎದೆಗೆ ಒತ್ಕೊಂಡು ಕಂಬದ ಬುಡಕ್ಕೆ ಅಂಟ್ಕೊಂಡು ನಿಂತುಬಿಟ್ಟಿದ್ಲು.

ನಾನು ಗೇಟಿಂದ ರಸ್ತೆಗೆ ಓಡಿ ಬರೋ ಹೊತ್ತಿಗೆ ಟೀ ಅಂಗಡಿ ಕಡೆಯಿಂದ ಒಂದು ಆಕೃತಿ ಬರ್ತಿತ್ತು. ರೈಟಿಂಗ್ ಪ್ಯಾಡನ್ನ ಲಾರಿಗಳಿಗೆ ಎದುರಾಗಿ ಎತ್ತಿ ಹಿಡಿದು, ಪಂಚೆ ಎತ್ತಿ ಕಟ್ಟಿ, "ನಿಲ್ಸ್ರೋ! ನಿಲ್ಸ್ರೋ ಲೇ!" ಅಂತ ಕೂಗ್ತಾ. ಮಾಲು ಮುಟ್ಟದ ಮನುಷ್ಯ! ಲಾರಿಗಳು ನಿಂತ್ವು. ದೊಡ್ಡಪ್ಪ ನಡುವಿನ ಕಟ್ಟೆ ಹತ್ತೋವಾಗ ಎಡವಿ, ಮೊಣಕಾಲು ಮುರಿದಂಗೆ ಬಿದ್ರು. ಬಿದ್ದೋರು ಹಾಗೇ ಕೂತ್ಕೊಂಡು ರೇಣುಕಾ ಕೈ ಹಿಡ್ಕೊಂಡ್ರು. ಏನಂದ್ರಂತೆ ಗೊತ್ತಾ?

"ಎಲ್ಲಿಗೆ ಬಂತು?"

"ನಡುವ ಬಂದೀನ್ರಿ ಅಜ್ಜಾ" ಅಂದ್ಲಂತೆ ಅವಳು.

ಇದಷ್ಟನ್ನೂ ರೇಣುಕಾನ ಅಮ್ಮ ಬಿಲ್ಡಿಂಗ್ ಎರಡನೇ ಮಹಡಿ ಸಾರುವೆ ಮೇಲಿಂದ ನೋಡಿದ್ರು. ತಲೆ ಮೇಲೆ ಜಲ್ಲಿ ಬಾಂಡ್ಲಿ ಇತ್ತಂತೆ. ಇಳಿಸಕ್ಕೂ ಆಗ್ಲಿಲ್ಲ, ಕೂಗಕ್ಕೂ ಆಗ್ಲಿಲ್ಲ.

ಮಾರನೇ ದಿನ ರೇಣುಕಾ ಬರ್ಲಿಲ್ಲ, ಅವಳ ಟೋಕನ್ ಟೀ ಅಂಗಡಿ ಬೋರ್ಡಲ್ಲೇ ಉಳೀತು. ಅದರ ಮಾರನೇ ದಿನಾನೂ. ಮೂರನೇ ದಿನಕ್ಕೆ ಫ್ಯಾಕ್ಟರಿ ಧೂಳು ಕೂತು ಮಂಕಾಗ್ತಾ ಬಂತು. ಉಜ್ಜೋರಿರ್ಲಿಲ್ಲ. ಬಸ್ಯಾ ದಿನಾ ಅದನ್ನ ನೋಡಿ ನನ್ನ ನೋಡೋನು. ಅವನ ಕಾಲಲ್ಲಿ ಎರಡೂ ಚಪ್ಪಲಿ ಇದ್ವು.

ಮಂಜ, ಶಬಾನಾ, ನಾನು ಮೂರು ದಿನ ಒಬ್ರಿಗೊಬ್ರು ಹೇಳ್ಕೊಂಡ್ವಿ. "ನೀನು ನೋಡ್ಕೋತೀಯ ಅಂದ್ಕೊಂಡೆ." "ನಾನ್ಯಾಕೆ, ನನ್ನ ಕೆಲಸ ಬಾವುಟ." "ನನ್ನ ಕೆಲಸ ಹಗ್ಗ." ಎಲ್ರೂ ತಮ್ಮ ತಮ್ಮ ಕೆಲಸ ನೂರಕ್ಕೆ ನೂರು ಮಾಡಿದ್ರು ಕಣ್ರೀ! ಹುಡುಗಿ ಮಾತ್ರ ನಡುರಸ್ತೇಲಿ ಉಳಿದುಬಿಟ್ಲು.

ದೊಡ್ಡಪ್ಪ ಮೊಣಕಾಲಿಗೆ ದಪ್ಪ ಬ್ಯಾಂಡೇಜ್ ಸುತ್ಕೊಂಡು ಮಂಚದ ಮೇಲೆ ಇದ್ರು. ಬೈತಾರೆ ಅಂತ ಕಾದೆ. ಬೈಲೇ ಇಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು.

"ಪುಟ್ಟಿ, ಎಲ್ಲಿಗೆ ಬಂತು?"

"ಮುಗೀತು ದೊಡ್ಡಪ್ಪ. ಅವಳನ್ನ ಕಳಿಸಲ್ವಂತೆ."

"ಅವರಪ್ಪನ್ನ ಕೇಳಿದ್ಯಾ?"

"ಅವರಮ್ಮ ಹೇಳಿ ಕಳ್ಸಿದ್ರು."

"ಹಾಗಾದ್ರೆ ಮುಗಿದಿಲ್ಲ, ನಿಂತಿದೆ. ನಿಂತಿರೋದನ್ನ ಇದ್ದಲ್ಲಿಂದ ಕೇಳಬಾರದು, ಅದರ ಹತ್ರ ಹೋಗಿ ಕೇಳಬೇಕು. ನಾನು ಮೂವತ್ತೈದು ವರ್ಷ ಅಷ್ಟೇ ಮಾಡಿದ್ದು, ನಿಮ್ಮ ದೊಡ್ಡಮ್ಮ ಅದನ್ನ ಕೆಲಸ ಅಂತ ಒಪ್ಪಲ್ಲ." ಬ್ಯಾಂಡೇಜ್ ಸರಿ ಮಾಡ್ಕೊಂಡು, "ಅಂದಹಾಗೆ, ನಿಮ್ಮ ಮೂವರಿಗೆ ಯಾಕೆ ಟೋಕನ್ ಇಲ್ಲ?"

"ನಾವು ವಾಲಂಟಿಯರ್ಸ್ ಅಲ್ವಾ! ನಿಮ್ಮ ಜನರಲ್ ಮ್ಯಾನೇಜರ್‌ಗೆ ಇತ್ತಾ ಟೋಕನ್ನು?"

"ಇರ್ಲಿಲ್ಲ. ಅದಕ್ಕೇ ಅವರು ಎಲ್ಲಿದಾರೆ ಅಂತ ಯಾವತ್ತೂ ಯಾರಿಗೂ ಗೊತ್ತಾಗ್ತಿರ್ಲಿಲ್ಲ!"

ಅವತ್ತು ಸಂಜೆ ಮೂರೂ ಜನ ಶೆಡ್ ಹತ್ರ ಹೋದ್ವಿ. ಹಣಮಂತಣ್ಣ ಡ್ರಮ್ಮಿನ ನೀರಲ್ಲಿ ಕೈಗೆ ಅಂಟಿದ ತುಕ್ಕು ತೊಳೀತಿದ್ದ. ರೇಣುಕಾ ತಮ್ಮನ್ನ ತಟ್ತಾ ಒಳಗೆ ಕೂತಿದ್ಲು, ನನ್ನ ನೋಡಿ ಏಳ್ಲಿಲ್ಲ. ನಾನು ಹೇಳಬೇಕು ಅಂತ ಚೆಂದ ಚೆಂದದ ಮಾತು ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಅದೆಲ್ಲ ಬಿಟ್ಟು ಇಷ್ಟೇ ಹೇಳಿದೆ.

"ಅಣ್ಣ, ತಪ್ಪು ನಂದು. ನಾನು ಹಿಂದೆ ಇರಬೇಕಿತ್ತು. ಫೋಟೋಗೆ ಅಂತ ಮುಂದೆ ಹೋದೆ."

"ಫೋಟೋಕ್ಕ" ಅಂದ ಹಣಮಂತಣ್ಣ. ಅಷ್ಟೇ. ಕೈ ತೊಳೀತಾನೇ ಇದ್ದ.

"ಹಿಂದೆ ನೋಡದೆ ನಾನು ಬಾವುಟ ಇಳಿಸಬಾರದಿತ್ತು ಅಣ್ಣ" ಅಂದ ಮಂಜ. "ನಾನೂ ಎಣಿಸ್ಲಿಲ್ಲ" ಅಂದ್ಲು ಶಬಾನಾ. ಟೀ ಶರ್ಟ್ ಬಣ್ಣಕ್ಕೂ ಕಿತ್ತಾಡಿದೋರು ಮೊದಲ ಸಲ ಒಂದೇ ವಿಷಯಕ್ಕೆ ಕಿತ್ತಾಡದೆ ನಿಂತಿದ್ವಿ.

"ನಾಳಿಂದ ಹಿಂದ ಯಾರ್ ಇರ್ತಾರ?" ಹಣಮಂತಣ್ಣ ಕೇಳಿದ.

"ನಾನು. ದಿನಾ. ನಮಗೂ ಟೋಕನ್ ಇರುತ್ತೆ. ನಂದು ಕೊನೇದು. ನಾನು ಸಂದು ದಾಟಿ ಗೇಟ್ ಮುಟ್ಟೋವರೆಗೂ ಮಂಜ ಬಾವುಟ ಇಳ್ಸಲ್ಲ."

ಹಣಮಂತಣ್ಣ ಕೈ ಒದರಿ, ರೇಣುಕಾ ಕಡೆ ನೋಡಿದ. "ನಾಳಿಗಿ ನಾನೂ ಬರ್ತೀನಿ. ನೋಡಿ ಹೇಳ್ತೀನಿ."

ಮಾರನೇ ಬೆಳಿಗ್ಗೆ ಅವನು ಮೇಸ್ತ್ರಿಗೆ ಅರ್ಧ ತಾಸು ಕೇಳ್ಕೊಂಡು ಬಂದಿದ್ದ. ರೇಣುಕಾ ಮೊಳೆಯಿಂದ ಟೋಕನ್ ತೆಗೆದು, ಮೊದಲು ಲಂಗಕ್ಕೆ ಉಜ್ಜಿದ್ಲು. ಆಮೇಲೇ ಹಗ್ಗ ಹಿಡಿದಿದ್ದು. ಹದಿನಾಲ್ಕು ಮಕ್ಕಳು, ಅವರ ಹಿಂದೆ ನಾನು, ನನ್ನ ಹಿಂದೆ ಹಣಮಂತಣ್ಣ. ಸಿಳ್ಳೆ ಮನೇಲಿತ್ತು. ಇಡೀ ಜನ್ಮದಲ್ಲಿ ಅಷ್ಟು ಉದ್ದದ ರಸ್ತೆ ನಾನು ದಾಟಿಲ್ಲ! ನಡುವಿನ ಸಂದಿನಲ್ಲಿ ಬಸ್ಯಾ ತಾನಾಗೇ ಬಗ್ಗಿ ಎರಡೂ ಚಪ್ಪಲಿ ಕೈಗೆ ತಗೊಂಡ. ಆ ಕಡೆ ಒಂದೊಂದೇ ಟೋಕನ್ ಬಿತ್ತು. ಹದಿನಾಲ್ಕು. ಶಬಾನಾದು, ಬಾವುಟ ಸುತ್ಕೊಂಡು ಬಂದ ಮಂಜನದು, ಕೊನೇಲಿ ನಂದು. ಹಣಮಂತಣ್ಣ ಒಂದು ಮೊಳೆಯನ್ನೂ ಬಿಡದೆ ಬೆರಳಿಟ್ಟು ಎಣಿಸಿದ. ಮಗಳ ತಲೆ ಸವರಿ, "ಹೋಗ್ ಒಳಗ, ಗಂಟಿ ಹೊಡಿತಾರ" ಅಂದ.

ನಾನು ಶಾಲೆ ಗೋಡೆಗೆ ಮುಖ ಮಾಡಿ ನಿಂತ್ಕೊಂಡೆ. ಧೂಳು ಜಾಸ್ತಿ ಇತ್ತು ಆ ಕಡೆ, ಕಣ್ಣಿಗೆ.

ಸಂಜೆ ನಾಲ್ಕೂವರೆಗೆ ಎಲ್ರನ್ನೂ ವಾಪಸ್ ದಾಟಿಸಿದ್ವಿ. ರೇಣುಕಾ ಟೋಕನ್ ಹಾಕಿದೋಳು ಶೆಡ್ ಕಡೆ ಹೋಗ್ಲಿಲ್ಲ. ಖಾಲಿ ಸ್ಟೂಲ್ ನೋಡ್ತಾ ನಿಂತ್ಲು.

"ಅಕ್ಕಾ, ಅಜ್ಜಾರು ಎಲ್ಲದಾರ?"

ಕರ್ಕೊಂಡು ಹೋದೆ. ಜೊತೆಗೆ ಉಳಿದ ಹದಿಮೂರೂ ಬಂದ್ವು! ದೊಡ್ಡಮ್ಮ ಬಾಗಿಲು ತೆಗೆದು, "ಅಯ್ಯೋ, ಇದೇನು ಮೆರವಣಿಗೆ!" ಅಂದ್ರು. ದೊಡ್ಡಪ್ಪ ದಿಂಬಿಗೆ ಒರಗಿದ್ದೋರು ಗಡಬಡಿಸಿ ಪ್ಯಾಡ್ ಹುಡುಕಿದ್ರು, ಕಿವಿ ಮುಟ್ಕೊಂಡ್ರು, ಪೆನ್ಸಿಲ್ ಇರ್ಲಿಲ್ಲ.

ರೇಣುಕಾ ಮಂಚದ ಹತ್ರ ಹೋಗಿ ಬ್ಯಾಂಡೇಜನ್ನ ಒಂದು ಬೆರಳಲ್ಲಿ ಮೆಲ್ಲಗೆ ಮುಟ್ಟಿದ್ಲು. ಆಮೇಲೆ ತಲೆ ಎತ್ತಿ ಕೇಳಿದ್ಲು.

"ಅಜ್ಜಾ, ಕಾಲು ಎಲ್ಲಿಗಿ ಬಂತ್ರೀ?"

ಊರಿಗೆಲ್ಲ ಆ ಪ್ರಶ್ನೆ ಕೇಳಿದ ಮನುಷ್ಯ. ಕನ್ನಡಕ ತೆಗೆದು ಬನಿಯನ್ ತುದೀಲಿ ಒರೆಸಿದ್ರು, ಹಾಕ್ಕೊಂಡ್ರು, ಮತ್ತೆ ತೆಗೆದ್ರು. ಅಡುಗೆಮನೆಯಿಂದ ದೊಡ್ಡಮ್ಮ ಕೂಗಿದ್ರು, "ಹೇಳ್ರೀ, ಮಗು ಕೇಳ್ತಾ ಇದೆ!"

"ಬರ್ತಾ..." ಕನ್ನಡಕ ಹಾಕ್ಕೊಂಡ್ರು. "ಬರ್ತಾ ಇದೆಯಮ್ಮ."

ಹದಿಮೂರು ಬಾಯಿ ಒಟ್ಟಿಗೆ ತೆರೆದ್ವು. ರೇಣುಕಾ ಕೈ ಎತ್ತಿ ಎಲ್ರನ್ನೂ ಸುಮ್ಮನಾಗಿಸಿದ್ಲು.

"ಇರ್ಲಿ ಬಿಡ್ರಲೇ" ಅಂದ್ಲು. "ಇವತ್ತೊಂದಿನ ಅದು ಉತ್ತರ."